ಕಣ್ಣಿನವರು, ಕಿವಿಯವರು, ಕೈಯವರು

ನಾನು ತಪ್ಪು ಮಾಡಿದ್ದೇನೆ ಎಂದು ಗೊತ್ತಾದಾಗ ನನಗೆ ಮೊದಲು ಆಗುವುದು ನಾಚಿಕೆಯಲ್ಲ, ಆಶ್ಚರ್ಯ. ‘ನಾನಾ? ತಪ್ಪಾ?’ ಎಂದು ಬಾಯಿ ತೆರೆದುಕೊಂಡು ಕೂತುಬಿಡುತ್ತೇನೆ. ನಾಚಿಕೆ ಆಮೇಲೆ ಬರುತ್ತದೆ. ನನ್ನ ಗಂಡ ರಘು ಹೇಳುವ ಪ್ರಕಾರ ಈ ಆಶ್ಚರ್ಯದ ಅವಧಿ ನನ್ನಲ್ಲಿ ಮಿಕ್ಕವರಿಗಿಂತ ಸ್ವಲ್ಪ ದೀರ್ಘ. ನಾಚಿಕೆ ಬರುವಷ್ಟರಲ್ಲಿ ಊಟದ ಹೊತ್ತಾಗಿ ವಿಷಯವೇ ಮರೆತುಹೋಗಿರುತ್ತದೆ. ಆದರೆ ಕಳೆದ ವರ್ಷ ನಡೆದ ಒಂದು ಪ್ರಸಂಗದಲ್ಲಿ ಎರಡೂ ಒಟ್ಟಿಗೆ ಬಂದು ಕೂತವು, ಎಷ್ಟು ಹೊತ್ತಾದರೂ ಏಳಲಿಲ್ಲ. ಅದನ್ನು ನಿಮ್ಮ ಮುಂದೆ ಒಪ್ಪಿಸಿಬಿಟ್ಟರೆ ಮನಸ್ಸು ಹಗುರವಾದೀತು ಎಂಬ ಆಸೆಯಿಂದ ಬರೆಯುತ್ತಿದ್ದೇನೆ.

ನಾವಿರುವುದು ಡಾಲಸ್ ಪಕ್ಕದ ಕಾಪೆಲ್‌ನಲ್ಲಿ. ವಾರವೆಲ್ಲ ಇಲ್ಲಿನ ಒಂದು ಶಾಲೆಯಲ್ಲಿ ಸಹಾಯಕ ಶಿಕ್ಷಕಿಯಾಗಿರುತ್ತೇನೆ. ಭಾನುವಾರ ಬೆಳಿಗ್ಗೆ ಬಾಡಿಗೆ ಹಾಲ್ ಒಂದರಲ್ಲಿ ನಮ್ಮ ಕಡೆಯ ಮಕ್ಕಳಿಗೆ ಕನ್ನಡ ಕಲಿಸುತ್ತೇನೆ. ಕೆಲವು ವರ್ಷಗಳ ಹಿಂದೆ ಶಾಲೆಯಲ್ಲಿ ಶಿಕ್ಷಕರಿಗೊಂದು ತರಬೇತಿ ಏರ್ಪಾಡಾಗಿತ್ತು. ಕೆಂಪು ಕೋಟಿನ ಹೆಂಗಸೊಬ್ಬರು ಬಂದು, ಮಕ್ಕಳಲ್ಲಿ ಮೂರು ಬಗೆ ಎಂದು ಹೇಳಿದರು. ನೋಡಿ ಕಲಿಯುವವರು, ಕೇಳಿ ಕಲಿಯುವವರು, ಮುಟ್ಟಿ ಮಾಡಿ ಕಲಿಯುವವರು. ಯಾವ ಮಗು ಯಾವ ಬಗೆ ಎಂದು ಗುರುತಿಸಿ ಅದಕ್ಕೆ ತಕ್ಕಂತೆ ಕಲಿಸಿದರೆ ಆಯಿತು, ಕಲಿಯದ ಮಗುವೇ ಇರುವುದಿಲ್ಲ. ನನಗೆ ರೋಮಾಂಚನವಾಯಿತು. ನಾನು ಯಾವ ಬಗೆ ಎಂದು ಅಲ್ಲೇ ಹತ್ತು ಪ್ರಶ್ನೆಗೆ ಉತ್ತರಿಸಿ ಕಂಡುಕೊಂಡೆ. ನಾನು ಕಣ್ಣಿನವಳು! ಮೈಸೂರಿನಲ್ಲಿ ಎಂಟನೆಯ ತರಗತಿಯ ರೇಖಾಗಣಿತದಲ್ಲಿ ಬಂದಿದ್ದ ಅಂಕಕ್ಕೆ ಹೊಣೆ ನಾನಲ್ಲ, ನಮ್ಮ ಮೇಷ್ಟ್ರು ಎಂದು ಆ ಕ್ಷಣಕ್ಕೆ ರುಜುವಾತಾಯಿತು. ಅವರು ಮಾತಿನವರು, ನಾನು ಕಣ್ಣಿನವಳು, ನನಗೆ ಹೇಗೆ ತಾನೇ ಅರ್ಥವಾಗಬೇಕು? ಅವರು ದಿನವೂ ಬೋರ್ಡಿನ ತುಂಬ ತ್ರಿಕೋನ, ವೃತ್ತ ಬರೆಯುತ್ತಿದ್ದರು ಎಂಬುದು ಆಗ ಯಾಕೋ ನೆನಪಿಗೆ ಬರಲಿಲ್ಲ.

ಮುಂದಿನ ಭಾನುವಾರವೇ ಕನ್ನಡ ತರಗತಿಯಲ್ಲಿ ಕ್ರಾಂತಿ ಮಾಡಿದೆ. ಎಲ್ಲ ಮಕ್ಕಳಿಗೂ ಅದೇ ಹತ್ತು ಪ್ರಶ್ನೆ ಕೇಳಿ, ಅವರು ಕೂತಿರುವ ಭಂಗಿಯನ್ನೂ ಒಂದಿಷ್ಟು ಗಮನಿಸಿ, ಮೂರು ಗುಂಪು ಮಾಡಿದೆ. ಕಣ್ಣಿನವರಿಗೆ ನೀಲಿ ಬ್ಯಾಡ್ಜ್, ಕಿವಿಯವರಿಗೆ ಹಳದಿ, ಕೈಯವರಿಗೆ ಹಸಿರು. ಕಣ್ಣಿನವರಿಗೆ ಗೋಡೆಯ ಮೇಲೆ ಅಕ್ಷರದ ಪಟ. ಕಿವಿಯವರು ಮೂಲೆಯಲ್ಲಿ ಕೂತು ರಾಗವಾಗಿ ಕಾಗುಣಿತ ಹೇಳುವುದು. ಕೈಯವರಿಗೆ ಮೈದಾಹಿಟ್ಟಿಗೆ ಬಣ್ಣ ಕಲಸಿ ಮನೆಯಲ್ಲೇ ಮಾಡಿದ ಮುದ್ದೆ. ಅದರಲ್ಲಿ ಅಕ್ಷರ ಮಾಡುವುದು. ಶನಿವಾರ ಸಂಜೆ ನಮ್ಮ ಅಡುಗೆಮನೆ ನೋಡಿದವರು ಹೋಳಿಗೆಗೆ ಕಣಕ ಕಲಸುತ್ತಿದ್ದಾರೆ ಎಂದುಕೊಂಡು ಇನ್ನೂ ಸ್ವಲ್ಪ ಹೊತ್ತು ಕೂತು, ಕೊನೆಗೆ ಹಸಿರು ಬಣ್ಣ ಕಂಡು ಎದ್ದುಹೋಗುತ್ತಿದ್ದರು.

ತಂದೆತಾಯಿಗಳಿಗೆ ಇದು ಎಷ್ಟು ಹಿಡಿಸಿತೆಂದರೆ, ಅದುವರೆಗೆ ‘ನಮ್ಮ ಮಗು ಯಾವಾಗ ಓದುತ್ತೆ ಮಿಸ್?’ ಎಂದು ಪೀಡಿಸುತ್ತಿದ್ದವರು ಆ ಪ್ರಶ್ನೆಯನ್ನೇ ಬಿಟ್ಟರು. ಮನೆಗೊಂದು ಅಡುಗೆ ತಂದು ಹಂಚಿಕೊಳ್ಳುವ ಪಾಟ್‌ಲಕ್ ಊಟಗಳಲ್ಲಿ ತಟ್ಟೆ ಹಿಡಿದುಕೊಂಡು, ‘ನಮ್ಮವನು ಕಿವಿ. ನಿಮ್ಮವಳು?’ ಎಂದು ರಾಶಿ ನಕ್ಷತ್ರ ವಿಚಾರಿಸುವ ಹಾಗೆ ವಿಚಾರಿಸಿಕೊಳ್ಳತೊಡಗಿದರು. ಎಲ್ಲರಿಗಿಂತ ಹೆಚ್ಚು ಲಾಭ ಮಾಡಿಕೊಂಡವನು ರಘು. ಅವನು ತಾನೇ ಪರೀಕ್ಷೆ ತೆಗೆದುಕೊಂಡು ತಾನೂ ಕಣ್ಣಿನವನೆಂದು ಘೋಷಿಸಿಕೊಂಡ. ಕೊತ್ತಂಬರಿ ತಾ ಎಂದರೆ ಪುದೀನ ತಂದು, “ಬಾಯಲ್ಲಿ ಹೇಳಿದ್ರೆ ನನಗೆ ಹತ್ತಲ್ಲ ಸುಮಾ. ಫೋಟೋ ಕಳಿಸ್ಬೇಕಿತ್ತು” ಎನ್ನುತ್ತಿದ್ದ. ವಿಜ್ಞಾನವೇ ಅವನ ಪರವಾಗಿದ್ದಾಗ ನಾನೇನು ಮಾತಾಡಲಿ? ಫೋಟೋ ಕಳಿಸುತ್ತಿದ್ದೆ.

ಹೀಗೆ ಮೂರು ವರ್ಷ ನಡೆಯಿತು. ನನ್ನ ಕೀರ್ತಿ ಊರಿಂದೂರಿಗೆ ಹಬ್ಬಿ, ಕಳೆದ ವರ್ಷದ ಮಾರ್ಚಿನಲ್ಲಿ ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆಯ ಕನ್ನಡ ಕಲಿಸುವವರು ಆಸ್ಟಿನ್‌ನಲ್ಲಿ ಸೇರಿದಾಗ ನನ್ನನ್ನು ಮಾತಾಡಲು ಕರೆದರು. ರಘು ಕಾರು ಓಡಿಸಿದ. ನಾನು ದಾರಿಯುದ್ದಕ್ಕೂ ಭಾಷಣ ಗುನುಗುತ್ತಾ ಹೋದೆ. ಭಾಷಣ ಚೆನ್ನಾಗಿಯೇ ಆಯಿತು. ಮೂರು ಬಣ್ಣದ ಬ್ಯಾಡ್ಜ್ ಎತ್ತಿ ತೋರಿಸಿದಾಗ ಚಪ್ಪಾಳೆ ಬಿತ್ತು. ಹ್ಯೂಸ್ಟನ್ನಿನ ಶಾರದಾ ಆಂಟಿ, ಊರಿನಲ್ಲಿ ಹೈಸ್ಕೂಲು ಟೀಚರಾಗಿ ರಿಟೈರಾಗಿ ಮಗಳ ಮನೆಗೆ ಬಂದು ಇಲ್ಲೂ ಪಾಠ ಮಾಡುತ್ತಿರುವವರು, ಎದ್ದುನಿಂತು, “ಮುಂದಿನ ವಾರದಿಂದ್ಲೇ ನಮ್ಮಲ್ಲೂ ಶುರು!” ಎಂದರು. ನಾನು ತಲೆ ತಗ್ಗಿಸಿ ವಿನಯವನ್ನು ಪ್ರದರ್ಶಿಸುತ್ತಿದ್ದೆ.

ಆಗ ಹಿಂದಿನ ಸಾಲಿನಿಂದ ತೆಳ್ಳಗಿನ ಹುಡುಗನೊಬ್ಬ ಕೈಯೆತ್ತಿದ. ಹೆಸರು ಇಮ್ತಿಯಾಜ್, ಧಾರವಾಡದವನು. ಮನುಷ್ಯರು ಹೇಗೆ ಕಲಿಯುತ್ತಾರೆ, ಹೇಗೆ ಮರೆಯುತ್ತಾರೆ ಎಂಬುದರ ಮೇಲೆಯೇ ಆಸ್ಟಿನ್‌ನ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ ಮಾಡುತ್ತಾ, ವಾರಕ್ಕೊಮ್ಮೆ ಮಕ್ಕಳಿಗೆ ಕನ್ನಡವನ್ನೂ ಹೇಳಿಕೊಡುತ್ತಿದ್ದ.

“ಆಂಟಿ, ಒಂದ್ ಕೇಳ್ಲೇನ್ರಿ? ಸಿಟ್ಟಾಗಬ್ಯಾಡ್ರಿ.”

“ಕೇಳಪ್ಪಾ, ಅದಕ್ಕೇನು” ಎಂದೆ, ದೊಡ್ಡ ಮನಸ್ಸಿನಿಂದ.

“ನೀವು ಹೇಳಿದ್ದು ಭಾಳ ಚಂದ ಐತ್ರಿ. ಆದ್ರ ಅದು ಖರೇ ಅಲ್ರಿ.”

ಹಾಲ್‌ನಲ್ಲಿ ಯಾರೋ ಸಮೋಸ ಕಚ್ಚಿದ ಸದ್ದು ಕೇಳಿಸಿತು. ಅದು ರಘುವೇ ಎಂದು ಆಮೇಲೆ ತಿಳಿಯಿತು.

“ಖರೇ ಅಲ್ಲ ಅಂದ್ರೆ?” ಎಂದೆ.

“ಮಕ್ಕಳಿಗೆ ಒಂದೊಂದು ರೀತಿ ಇಷ್ಟ ಇರ್ತೈತ್ರಿ. ಒಬ್ಬಂಗ ಚಿತ್ರ ಇಷ್ಟ, ಒಬ್ಬಂಗ ಹಾಡು ಇಷ್ಟ. ಅದು ಖರೇ. ಆದ್ರ ಇಷ್ಟ ಬ್ಯಾರೆ, ಕಲಿಯೋದು ಬ್ಯಾರೆ. ಇಷ್ಟದ ಪ್ರಕಾರ ಗುಂಪು ಮಾಡಿ ಕಲಿಸಿದ್ರ ಹೆಚ್ಚು ಕಲೀತಾರೇನು ಅಂತ ಎಷ್ಟೋ ಸಲ ಪರೀಕ್ಷೆ ಮಾಡಿ ನೋಡ್ಯಾರ್ರಿ. ಹಂಗ ಕಲೀತಾರ ಅನ್ನೋದಕ್ಕ ಗಟ್ಟಿ ಪುರಾವೆ ಸಿಕ್ಕಿಲ್ರಿ.”

“ಮತ್ತೆ ನಮ್ಮ ಸ್ಕೂಲಲ್ಲಿ ಟ್ರೇನಿಂಗ್ ಕೊಟ್ರಲ್ಲಪ್ಪಾ! ಎಲ್ಲಾ ಟೀಚರ್‌ಗಳೂ ಇದನ್ನೇ ಹೇಳ್ತಾರಲ್ಲ!”

“ಹೇಳ್ತಾರ್ರಿ. ಎಲ್ಲಾ ದೇಶದಾಗೂ ಟೀಚರ್ ಮಂದಿ ಭಾಳ ನಂಬ್ಯಾರ. ನಮ್ಮ ಅಮ್ಮೀನೂ ಟೀಚರ್ ಅದಾಳ್ರಿ. ಇದು ಖರೇ ಅಲ್ಲ ಅಂತ ನಾ ಹೇಳಿದ್ದಕ್ಕ ಮೂರು ದಿನ ಫೋನ್ ಎತ್ತಲಿಲ್ಲ.”

ಶಾರದಾ ಆಂಟಿಗೆ ಸಿಟ್ಟು ಬಂತು. “ಏನಪ್ಪಾ, ಇಡೀ ಜೀವಮಾನ ಪಾಠ ಮಾಡಿದೀನಿ ನಾನು. ನನಗೆ ಮಕ್ಕಳು ಗೊತ್ತಿಲ್ವಾ?”

“ನಿಮಗ ಗೊತ್ತೈತ್ರಿ ಆಂಟಿ” ಎಂದು ಅವನು ಕೈಮುಗಿದ. “ಅದಕ್ಕ ನಿಮ್ಮನ್ನ ಕೇಳ್ತೀನಿ. ಅಕ್ಷರ ಗುರುತ ಹಿಡಿಯಾಕ ಕಣ್ಣು ಬೇಕು. ಉಚ್ಚಾರಕ್ಕ ಕಿವಿ ಬೇಕು. ಬರಿಯಾಕ ಕೈ ಬೇಕು. ಹಂಗಿದ್ಮ್ಯಾಲ ಯಾವ ಮಗುವಿಗೆ ಯಾವುದನ್ನ ಬಿಡಸ್ತೀರಿ?”

ಶಾರದಾ ಆಂಟಿ ನನ್ನ ಕಡೆ ನೋಡಿದರು. ನಾನು ಬ್ಯಾಡ್ಜುಗಳ ಕಡೆ ನೋಡಿದೆ. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಕಾಫಿ ಬಂತು ಎಂದರು.

ವಾಪಸು ಬರುವಾಗ ಅರ್ಧದಾರಿಯ ವೇಕೋ ಊರು ದಾಟಿದರೂ ಬ್ಯಾಡ್ಜುಗಳ ಚೀಲ ನನ್ನ ಮಡಿಲಲ್ಲೇ ಇತ್ತು. ನನಗಾಗಿದ್ದ ಆಘಾತವನ್ನು ಹೇಗೆ ಹೇಳಲಿ? ಭೂಮಿ ಗುಂಡಗಿಲ್ಲ ಎಂದಿದ್ದರೆ ಇಷ್ಟು ಕಂಗಾಲಾಗುತ್ತಿರಲಿಲ್ಲ. ಭೂಮಿಯ ವಿಷಯದಲ್ಲಿ ನಾನು ಯಾರಿಗೂ ಬ್ಯಾಡ್ಜ್ ಕೊಟ್ಟಿರಲಿಲ್ಲ. ರಘುವಿನ ಮುಖವೂ ಬಾಡಿತ್ತು. ನನ್ನ ದುಃಖದಲ್ಲಿ ಪಾಲ್ಗೊಂಡಿದ್ದಾನೆ, ಪಾಪ, ಎಂದುಕೊಂಡು ಅವನ ಭುಜ ಮುಟ್ಟಿದೆ. ಅವನು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ: “ಹಾಗಾದ್ರೆ ಇನ್ನು ಮೇಲೆ ನೀನು ಹೇಳೋದೆಲ್ಲಾ ನನಗೆ ಕೇಳಿಸ್ಬೇಕಾ?”

ಆ ಹುಡುಗ ಹೇಳಿದ್ದನ್ನು ನಾನು ನಂಬಲಿಲ್ಲ. ಇಪ್ಪತ್ತೈದರ ಹುಡುಗ, ಒಂದು ದಿನ ಇಪ್ಪತ್ತು ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿ ನೋಡಲಿ, ಆಮೇಲೆ ಮಾತಾಡಲಿ. ಅವನು ಹೇಳಿದ್ದು ಸುಳ್ಳು ಎಂದು ತೋರಿಸಿ ಅವನಿಗೆ ಒಂದು ಸೌಮ್ಯವಾದ ಇಮೇಲ್ ಬರೆಯಬೇಕೆಂದು ನಿರ್ಧರಿಸಿದೆ. ಅದಕ್ಕಾಗಿ ಮುಂದಿನ ಭಾನುವಾರ ಗುಂಪುಗಳನ್ನೆಲ್ಲ ಒಡೆದೆ. ಎಲ್ಲರೂ ಪಟ ನೋಡಬೇಕು, ಎಲ್ಲರೂ ಜೋರಾಗಿ ಹೇಳಬೇಕು, ಎಲ್ಲರೂ ಬರೆಯಬೇಕು. ಮಕ್ಕಳು ಎಷ್ಟು ಒದ್ದಾಡುತ್ತಾರೋ ನೋಡೋಣ ಎಂದು ಕಾದು ಕೂತೆ. ಅವು ಒದ್ದಾಡಲಿಲ್ಲ. ಕಿವಿಯವರು ಪಟ ನೋಡಿದರು, ಕಣ್ಣಿನವರು ಹಾಡಿದರು. ಮುದ್ದೆ ಸಿಕ್ಕಿದ್ದಕ್ಕೆ ಎಲ್ಲರಿಗೂ ಸಮನಾಗಿ ಖುಷಿಯಾಯಿತು.

ಒಬ್ಬಳು ಮಾತ್ರ ಪೆನ್ಸಿಲ್ ಕೆಳಗಿಟ್ಟು ಕೈಕಟ್ಟಿ ಕೂತಿದ್ದಳು. ನಿಹಾರಿಕಾ, ಹತ್ತು ವರ್ಷ, ಮೆಕಿನ್ನಿಯಿಂದ ಬರುವ ಹುಡುಗಿ. ದಪ್ಪ ಚೌಕಟ್ಟಿನ ಕನ್ನಡಕ, ಎದೆಯ ಮೇಲೆ ಅಂಚು ಹರಿದ ಹಸಿರು ಬ್ಯಾಡ್ಜ್. ಸಿಕ್ಕಿತು ನನಗೆ ಸಾಕ್ಷಿ ಎಂದು ಹಿಗ್ಗಿ ಅವಳ ಹತ್ತಿರ ಹೋದೆ.

“ಯಾಕಮ್ಮಾ ನಿಹಾ, ಓದಲ್ವಾ?”

“ಐ ಡೋಂಟ್ ಡೂ ರೀಡಿಂಗ್, ಮಿಸ್” ಎಂದಳು, ನಾವು ‘ಏಕಾದಶಿ, ಊಟ ಮಾಡಲ್ಲ’ ಎನ್ನುವಷ್ಟು ಸಹಜವಾಗಿ. “ಐ ಆ್ಯಮ್ ಹ್ಯಾಂಡ್ಸ್.”

“ಕನ್ನಡ ಓದಲ್ವಾ?”

ಅವಳು ತಲೆಯಾಡಿಸಿದಳು. ಕನ್ನಡ ಮಾತ್ರವಲ್ಲ. ಶಾಲೆಯಲ್ಲೂ ಓದುವ ಪೀರಿಯಡ್ಡಿನಲ್ಲಿ ತಾನು ಕೈಯವಳೆಂದು ಹೇಳುತ್ತಾಳಂತೆ. ಅಲ್ಲಿನ ಟೀಚರೂ ‘ಓ, ಹೌದಾ’ ಎಂದು ಮಣಿ ಪೋಣಿಸಲು ಕೊಡುತ್ತಾರಂತೆ. ಯಾರು ಹೇಳಿದರು ನಿನಗೆ ಹಾಗಂತ ಎಂದು ಕೇಳಿದೆ. ಕೇಳಿದ ಕೂಡಲೇ ಕೇಳಬಾರದಿತ್ತು ಅನಿಸಿತು. ಅವಳು ನನ್ನನ್ನು ಆಶ್ಚರ್ಯದಿಂದ ನೋಡಿ, “ಯೂ ಡಿಡ್” ಎಂದಳು.

ಮುಂದಿನ ಶನಿವಾರ ಮಧ್ಯಾಹ್ನ ಮೆಕಿನ್ನಿಗೆ ಹೊರಟೆ. ಫೋನಿನಲ್ಲಿ ಕ್ಷಮೆ ಕೇಳುವುದು ಸುಲಭ. ಸುಲಭವಾದದ್ದನ್ನು ಮಾಡಲು ನನಗೇ ನಾಚಿಕೆಯಾಯಿತು. ನಿಹಾಳ ತಾಯಿ ದೀಪಾ ಪ್ಲೇನೋದಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿರುವ, ಉಡುಪಿ ಕಡೆಯ ಹೆಣ್ಣುಮಗಳು. ಬಾಗಿಲು ತೆರೆದವಳೇ ಗಾಬರಿಯಾದಳು. ಟೀಚರು ಮನೆಗೆ ಬಂದರೆ ಗಾಬರಿಯಾಗುವುದು ನಮ್ಮವರಿಗೆ ಎಷ್ಟು ವರ್ಷ ಅಮೆರಿಕದಲ್ಲಿದ್ದರೂ ಹೋಗುವುದಿಲ್ಲ.

“ನಿಹಾ ಏನಾದ್ರೂ ಮಾಡಿದ್ಲಾ ಮಿಸ್?”

“ಅವಳಲ್ಲ, ನಾನು” ಎಂದೆ.

ಒಳಗೆ ಅಡುಗೆಮನೆಯ ಮೇಜಿನ ಹತ್ತಿರ ಕೂತು ಹೇಳಿದೆ. ದೀಪಾ ಕೇಳುತ್ತಾ ಕೇಳುತ್ತಾ ಬಿಳಿಚಿಕೊಂಡಳು. “ನಾನು ದಿನಾ ರಾತ್ರಿ ಓದಿ ಹೇಳ್ತಿದ್ದೆ ಮಿಸ್, ಕತೆ ಪುಸ್ತಕ. ನೀವು ಅವಳು ಕೈ ಅಂದ ಮೇಲೆ ನಿಲ್ಲಿಸಿದೆ. ಪುಸ್ತಕ ಎಲ್ಲಾ ಬಾಕ್ಸಿಗೆ ಹಾಕಿ ಗ್ಯಾರೇಜಲ್ಲಿ ಇಟ್ಟೆ. ಮಗುವಿಗೆ ಆಗದ್ದನ್ನ ಯಾಕೆ ಒತ್ತಾಯ ಮಾಡೋದು ಅಂತ.” ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು.

ನಿಹಾ ಫ್ರಿಜ್ಜಿಗೆ ಒರಗಿ ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಫ್ರಿಜ್ಜಿನ ಬಾಗಿಲ ಮೇಲೆ, ನಾನೇ ಸಹಿ ಹಾಕಿದ್ದ ಪ್ರಮಾಣಪತ್ರ: ‘ನಿಹಾರಿಕಾ – ಕೈಯಿಂದ ಕಲಿಯುವ ಮಗು’. ಅಂಚಿಗೆ ಹೂಬಳ್ಳಿ ಬೇರೆ. ನಾನು ಅವಳನ್ನು ಹತ್ತಿರ ಕರೆದು, ಗುಂಪು ಮಾಡಿದ ಆ ಮೊದಲನೆಯ ದಿನ ಬೋರ್ಡು ನೋಡದೆ ಪೆನ್ಸಿಲ್ ಹಿಡಿದುಕೊಂಡು ಆಡುತ್ತಿದ್ದೆಯಲ್ಲ, ಯಾಕೆ, ಎಂದು ಕೇಳಿದೆ.

“ನನಗೆ ಬೋರ್ಡ್ ಕಾಣ್ತಿರ್ಲಿಲ್ಲ” ಎಂದಳು. ಅಪರೂಪಕ್ಕೆ ಕನ್ನಡದಲ್ಲೇ ಹೇಳಿದಳು. “ಎಲ್ಲಾ ಬ್ಲರ್ ಇತ್ತು.”

ದೀಪಾ, ನಾನು ಕೂತು ಲೆಕ್ಕ ಹಾಕಿದೆವು. ನಿಹಾಳ ಶಾಲೆಯಲ್ಲಿ ನರ್ಸ್ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಬೇಕು ಎಂದು ಚೀಟಿ ಕಳಿಸಿದ್ದು ನಾನು ಬ್ಯಾಡ್ಜ್ ಕೊಟ್ಟ ಮೇಲೆ, ಒಂದು ವರ್ಷ ಬಿಟ್ಟು. ಕನ್ನಡಕ ಬಂತು, ಅದರ ಗಾಜು ಎರಡು ಸಲ ಬದಲಾಯಿತು. ಬ್ಯಾಡ್ಜ್ ಬದಲಾಗಲಿಲ್ಲ. ಇಡೀ ಎರಡು ವರ್ಷ ಆ ಕನ್ನಡಕ ಪ್ರತಿ ಭಾನುವಾರ ನನ್ನೆದುರು ಕೂತಿತ್ತು; ಕಣ್ಣಿನವಳಾದ ನನಗೆ ಕಾಣಲಿಲ್ಲ.

“ಕಾಣ್ತಿಲ್ಲ ಅಂತ ಯಾಕೆ ಹೇಳ್ಲಿಲ್ಲ ಕಂದಾ?” ಎಂದು ದೀಪಾ ಕೇಳಿದಳು.

ನಿಹಾ ಸ್ವಲ್ಪ ಯೋಚಿಸಿ ಇಂಗ್ಲಿಷಿನಲ್ಲಿ ಹೇಳಿದ್ದರ ಅರ್ಥ ಇಷ್ಟು: ‘ಕೈಯವರಿಗೆ ಹಾಗೇ ಕಾಣುತ್ತೆ ಅಂದುಕೊಂಡಿದ್ದೆ.’

ನನ್ನ ಜೀವನದಲ್ಲಿ ಬಹಳ ಮಾತು ಕೇಳಿಸಿಕೊಂಡಿದ್ದೇನೆ, ಅತ್ತೆಯಿಂದ ಹಿಡಿದು ಪ್ರಿನ್ಸಿಪಾಲರವರೆಗೆ. ಯಾವುದೂ ಹೀಗೆ ಎದೆಗೆ ಬಂದು ಬಡಿದಿರಲಿಲ್ಲ. “ಕ್ಷಮಿಸು ನಿಹಾ, ನಾನು ತಪ್ಪು ಮಾಡಿದೆ. ನೀನು ಕೈ ಅಲ್ಲ. ನಿನಗೆ ಓದೋಕೆ ಬರುತ್ತೆ, ನಾನು ಕಲಿಸ್ಲಿಲ್ಲ ಅಷ್ಟೇ” ಎಂದೆ. ಅವಳು ನಂಬಲಿಲ್ಲ. ಮೂರು ವರ್ಷದ ಪ್ರಮಾಣಪತ್ರ ಎದುರಿಗಿರುವಾಗ ಬಾಯಿಮಾತನ್ನು ಯಾರು ನಂಬುತ್ತಾರೆ?

ಓದಿಸೋಣವೆಂದರೆ ಪುಸ್ತಕಗಳೆಲ್ಲ ಗ್ಯಾರೇಜಿನಲ್ಲಿ. ಅಡುಗೆಕಟ್ಟೆಯ ಮೇಲೆ ದೀಪಾ ಸಾಲಾಗಿ ಡಬ್ಬಿಗಳನ್ನಿಟ್ಟಿದ್ದಳು, ಒಂದೊಂದರ ಮೇಲೂ ದುಂಡಗಿನ ಕನ್ನಡ ಅಕ್ಷರದಲ್ಲಿ ಚೀಟಿ. ಒಂದನ್ನು ನಿಹಾಳ ಮುಂದಿಟ್ಟೆ. ನಿಹಾ ಕನ್ನಡಕ ಸರಿಮಾಡಿಕೊಂಡು, ಬೆರಳಿಟ್ಟು, ಒಂದೊಂದೇ ಅಕ್ಷರ ಎಳೆದಳು.

“ಬೆ... ಲ್... ಬೆಲ್ಲ?”

“ಬೆಲ್ಲ!” ಎಂದು ದೀಪಾ ಕಿರುಚಿದಳು.

ಮುದ್ದೆಯಲ್ಲಿ ಮಾಡಿದ ಅಕ್ಷರಗಳು ಅಷ್ಟಿಷ್ಟು ತಲೆಯಲ್ಲಿ ಉಳಿದಿದ್ದವು. ಅವನ್ನು ಸಾಲಾಗಿ ನಿಲ್ಲಿಸಿ ಓದು ಎಂದು ಯಾರೂ ಹೇಳಿರಲಿಲ್ಲ. ಅವಳಿಗೆ ಹುರುಪು ಬಂತು. ಜೀರಿಗೆ ಓದಿದಳು. ಸಾಸಿವೆ ಓದಿದಳು. ಮುಂದಿನದಕ್ಕೆ ನಿಂತಳು. “ಮೆಂ... ತ... ಇದೇನು ಮಿಸ್, ಈ ಬಾಲ?” “ಅದು ಯ ಒತ್ತು. ಮೆಂತ್ಯ.” ಅವಳು ಮುಚ್ಚಳ ತೆಗೆದು ಒಳಗೆ ನೋಡಿ, ನನ್ನ ಕಡೆ ಅನುಮಾನದಿಂದ ತಿರುಗಿದಳು. “ಆದ್ರೆ ಇದ್ರಲ್ಲಿ ದ್ರಾಕ್ಷಿ ಇದೆ.”

“ಮೆಂತ್ಯ ಮುಗಿದ್ಮೇಲೆ ದ್ರಾಕ್ಷಿ ಹಾಕಿಟ್ಟೆ” ಎಂದು ದೀಪಾ ಕಣ್ಣೊರೆಸಿಕೊಂಡಳು. “ಚೀಟಿ ತೆಗೀಲೇ ಇಲ್ಲ.”

ಮಾರನೆಯ ದಿನ ತರಗತಿಯಲ್ಲಿ ಬ್ಯಾಡ್ಜುಗಳನ್ನು ವಾಪಸು ತೆಗೆದುಕೊಂಡೆ. ಕೊಡುವಾಗ ಇದ್ದ ಸಂಭ್ರಮ ತೆಗೆದುಕೊಳ್ಳುವಾಗ ಇರಲಿಲ್ಲ. ಆರು ವರ್ಷದ ಪುಟಾಣಿಯೊಬ್ಬ, “ನಾನು ಇನ್ಮೇಲೆ ಕಿವಿ ಅಲ್ವಾ?” ಎಂದು ಅಳಲು ಶುರುಮಾಡಿದ. “ಕಿವಿ ಇದೆ ಪುಟ್ಟಾ, ಎರಡೂ ಇವೆ” ಎಂದು ಮುಟ್ಟಿ ತೋರಿಸಿದ ಮೇಲೆ ಸಮಾಧಾನವಾಯಿತು. ಅವನ ಅಪ್ಪನಿಗೆ ಅಷ್ಟು ಸುಲಭವಾಗಿ ಸಮಾಧಾನವಾಗಲಿಲ್ಲ. “ಏನ್ ಮೇಡಂ, ಇವನ ಸ್ಕೂಲ್ ಟೀಚರ್ರೂ ಅದೇ ಹೇಳ್ತಾರೆ, ಇವನ ಪಿಯಾನೋ ಟೀಚರ್ರೂ ಅದೇ ಹೇಳ್ತಾರೆ. ನೀವೊಬ್ರೇ ಅಲ್ಲ ಅಂದ್ರೆ?” ಎಂದು ಜಗಳಕ್ಕೆ ಬಂದರು. ಒಂದು ವರ್ಷದ ಹಿಂದೆ ಇದೇ ಮನುಷ್ಯನಿಗೆ ಇದನ್ನು ನಂಬಿಸಲು ನನಗೆ ಐದು ನಿಮಿಷ ಸಾಕಾಗಿತ್ತು. ಅಲ್ಲ ಎನ್ನಲು ಮುಕ್ಕಾಲು ಗಂಟೆ ಹಿಡಿಯಿತು, ಆದರೂ ನಂಬಲಿಲ್ಲ.

ಹ್ಯೂಸ್ಟನ್ನಿಗೂ ಫೋನ್ ಮಾಡಿದೆ. ಶಾರದಾ ಆಂಟಿ, “ಅಯ್ಯೋ, ಮೊನ್ನೆ ತಾನೇ ಎಲ್ಲಾ ಬ್ಯಾಡ್ಜೂ ಲ್ಯಾಮಿನೇಟ್ ಮಾಡಿಸ್ದೆನಲ್ಲೇ!” ಎಂದರು. ಅವರ ದನಿ ಕೇಳಿದರೆ, ಲ್ಯಾಮಿನೇಟ್ ಆದ ಮೇಲೂ ಒಂದು ವಿಷಯ ಸುಳ್ಳಾಗಬಹುದು ಎಂಬುದೇ ಅವರಿಗೆ ನಂಬಲಾಗದ ಸಂಗತಿಯಾಗಿತ್ತು. ನಮ್ಮ ಶಾಲೆಯ ಹಿರಿಯ ಶಿಕ್ಷಕಿಗೂ ಹೇಳಿದೆ. ಅವರು ಬಹಳ ಆಸಕ್ತಿಯಿಂದ ಕೇಳಿ, “ಒಳ್ಳೆಯ ವಿಚಾರ. ಮುಂದಿನ ತರಬೇತಿಯಲ್ಲಿ ಇದನ್ನೂ ಸೇರಿಸೋಣ. ಆದರೆ ಸುಮಾ, ಇದನ್ನು ಕಣ್ಣಿನವರಿಗೆ ಅರ್ಥವಾಗುವ ಹಾಗೆ ಒಂದು ಚಿತ್ರ ಮಾಡಿಕೊಡುತ್ತೀಯಾ?” ಎಂದರು.

ಇಮ್ತಿಯಾಜನಿಗೆ ಇಮೇಲ್ ಬರೆದೆ, ಸೌಮ್ಯವಾಗಿಯೇ. ನೀನು ಹೇಳಿದ್ದು ನಿಜವಪ್ಪಾ ಎಂಬ ಒಂದು ವಾಕ್ಯ ಬರೆಯಲು ಒಂದು ಮಧ್ಯಾಹ್ನ ಪೂರ್ತಿ ಬೇಕಾಯಿತು. ಅವನು ಕೂಡಲೇ ಫೋನ್ ಮಾಡಿ, “ಆಂಟಿ, ನಮ್ಮ ಅಮ್ಮಿ ಜೋಡಿ ಒಂದೀಟು ಮಾತಾಡ್ರಿ. ಟೀಚರ್ ಮಾತು ಟೀಚರ್ ಕೇಳ್ತಾರ” ಎಂದು ಗೋಗರೆದ. ಮಾತಾಡಿದೆ. ಆ ತಾಯಿ ಎಲ್ಲ ಕೇಳಿ, ನಿಹಾಳ ಕನ್ನಡಕದ ಕತೆಗೆ ಅತ್ತು, ಕೊನೆಗೆ, “ಪಾಪ, ಆ ಹುಡುಗಿ ಕಣ್ಣಿಂದ ಕಲಿಯೋಕಿ ಇದ್ದಳ್ರಿ. ನೀವು ತಪ್ಪು ಗುಂಪಿಗೆ ಹಾಕೀರಿ” ಎಂದರು.

ನಿಹಾ ಈಗ ಓದುತ್ತಾಳೆ. ನಿಧಾನ, ತಡವರಿಕೆ ಎಲ್ಲ ಇದೆ. ಒತ್ತಕ್ಷರ ಬಂದರೆ ಇನ್ನೂ ಮುಖ ಸಿಂಡರಿಸುತ್ತಾಳೆ. ಮುದ್ದೆ ಹಿಡಿದು ಆಡುವುದನ್ನೂ ಬಿಟ್ಟಿಲ್ಲ. ಗ್ಯಾರೇಜಿನ ಪುಸ್ತಕಗಳು ಮನೆಯೊಳಗೆ ಬಂದಿವೆ. ಅವಳ ಅಮ್ಮ ಒಂದು ಪುಟ ಓದಿದರೆ ಇವಳು ಒಂದು ಪುಟ ಓದಬೇಕೆಂದು ಕರಾರಾಗಿದೆಯಂತೆ.

ಹೋದ ಭಾನುವಾರ ಪ್ರಾಸ್ಪರ್ ಕಡೆಯಿಂದ ಹೊಸ ಮಗುವೊಂದು ತರಗತಿಗೆ ಸೇರಿತು. ಕಿಟಕಿಯ ಹತ್ತಿರ ಕೂತು, ಗಲ್ಲಕ್ಕೆ ಕೈಕೊಟ್ಟು, ಒಂದು ಗಂಟೆ ಒಂದೂ ಮಾತಾಡದೆ ಎಲ್ಲವನ್ನೂ ನೋಡುತ್ತಿತ್ತು. ಮನೆಗೆ ಬಂದು ಚಪ್ಪಲಿ ಕಳಚುತ್ತಲೇ ರಘುವಿಗೆ ಹೇಳಿದೆ: “ಹೊಸದೊಂದು ಹುಡುಗಿ ಬಂದಿದೆ ಕಣೋ. ನಾಚಿಕೆ ಸ್ವಭಾವ, ಆದ್ರೆ ಒಳಗೊಳಗೇ ತುಂಬಾ ಯೋಚ್ನೆ ಮಾಡೋ ಪೈಕಿ. ಮನೇಲಿ ಒಬ್ಳೇ ಮಗಳಿರ್ಬೇಕು. ಇಂಥ ಮಕ್ಕಳನ್ನ ಸುಮ್ನೆ ಅವರ ಪಾಡಿಗೆ ಬಿಟ್ಬಿಡ್ಬೇಕು, ಮಾತಾಡಿಸೋಕೆ ಹೋಗ್ಬಾರ್ದು. ನೋಡಿದ ತಕ್ಷಣ ಗೊತ್ತಾಗುತ್ತೆ ನನಗೆ.”

“ಹೌದಾ?” ಎಂದ ರಘು, ಪೇಪರಿನಿಂದ ತಲೆಯೆತ್ತಿ. “ಹೆಸರೇನು?”

ನಾನು ಒಂದು ಚಪ್ಪಲಿ ಕಳಚಿ ಇನ್ನೊಂದರಲ್ಲೇ ನಿಂತೆ. ಹೆಸರು ಕೇಳಿರಲಿಲ್ಲ.